ಚೆನ್ನಿಯಪ್ಪನ್ ವಾಧ್ಯಾರು ಕೊಟ್ಟ ಬೆಲ್ಲ

ಕೊಯಮತ್ತೂರು ಕಡೆಯ ಸೂಲೂರಿನ ನೇಕಾರರ ಬೀದಿಯವರು ಅಂಗಪ್ಪನ ಮಗ ಚೆನ್ನಿಯಪ್ಪನನ್ನು ಕುರಿತು ಹೇಳುತ್ತಿದ್ದುದು ಒಂದೇ ಮಾತು: "ಅವನಿಗೆ ಇಲ್ಲ ಅನ್ನಾಕೆ ಬಾಯೇ ಬರಲ್ಲ." ಎದುರುಮನೆಯ ಕನ್ನಿಯಮ್ಮಾಳ್ ಅದಕ್ಕೆ ತನ್ನದೊಂದು ಒಗ್ಗರಣೆ ಹಾಕುತ್ತಿದ್ದಳು. "ಆ ಹುಡುಗ ಲಾಳಿ ಎಸೆಯೋ ಮುಂಚೆ ಲಾಳೀನೇ ಕೇಳ್ತಾನೆ ಕಣ್ರೇ, ಎಸೀಲಾ ಸಾಮಿ ಅಂತ."

ಅದು ಸುಳ್ಳೂ ಅಲ್ಲ. ಅವನು ಚಿಕ್ಕವನಿದ್ದಾಗ ಒಂದು ಮದುವೆಮನೆಯಲ್ಲಿ ಅವನ ಸೋದರಮಾವ ಕುಪ್ಪಸಾಮಿ ಒಂದು ಕರುವಿನ ಹಗ್ಗವನ್ನು ಅವನ ಕೈಗೆ ಕೊಟ್ಟು, "ಇಕೋ, ಹಿಡ್ಕೊಂಡಿರು, ಬಂದೆ" ಎಂದು ಹೋದನಂತೆ. ಹೋದವನು ಊಟಕ್ಕೆ ಕೂತ, ಎಲೆ ಅಡಿಕೆ ಹಾಕಿಕೊಂಡ, ಗೋಡೆಗೆ ಒರಗಿ ನಿದ್ದೆಯನ್ನೂ ತೆಗೆದ. ಹೊತ್ತು ಇಳಿದ ಮೇಲೆ ನೋಡಿದರೆ ಹುಡುಗ ಬಿಸಿಲಲ್ಲಿ ಕರು ಹಿಡಿದುಕೊಂಡು ನಿಂತೇ ಇದ್ದಾನೆ. ಊಟ ಇಲ್ಲ, ನೀರಿಲ್ಲ. ಕರುವಿಗೇ ಪಾಪ ಅನ್ನಿಸಿ ಅವನ ಕೈ ನೆಕ್ಕುತ್ತಿತ್ತಂತೆ. ಈ ಕತೆಯನ್ನು ಹೇಳಿ ನಗದ ಮನೆ ಆ ಬೀದಿಯಲ್ಲಿ ಇರಲಿಲ್ಲ. ಒಳ್ಳೆಯ ಹುಡುಗ ಅಂದರೆ ಹೀಗಿರಬೇಕು ಅಂತಲೇ ಎಲ್ಲರೂ ನಗುತ್ತಿದ್ದರು. ಚೆನ್ನಿಯಪ್ಪನಿಗೂ ಹಾಗೆಯೇ ಅನ್ನಿಸಿತ್ತು, ಆ ರಂಜಾನ್ ತಿಂಗಳು ಬರುವವರೆಗೆ.

ಮಗ್ಗದಲ್ಲಿ ಅವನ ಕೈ ಓಡಲಿಲ್ಲ. ಎಳೆ ಹರಿದರೆ ಗಂಟು ಹಾಕಲು ಕೂತವನು ಕೂತೇ ಇರುತ್ತಿದ್ದ. ಅಂಗಪ್ಪನೇ ಒಂದು ದಿನ, "ಇವನು ನೇಯೋ ಸೀರೆ ಉಡೋ ಹೊತ್ತಿಗೆ ಮದುಮಗಳು ಮುದುಕಿ ಆಗಿರ್ತಾಳೆ, ಇವನನ್ನ ಓದಾಕೆ ಹಾಕು" ಎಂದು ಹೆಂಡತಿ ನಾಚಿಯಮ್ಮನಿಗೆ ಹೇಳಿದ. ಓದು ಹತ್ತಿತು. ಎಂಟನೆಯದು ಮುಗಿಸಿ ಕೊಯಮತ್ತೂರಿನ ಟ್ರೈನಿಂಗ್ ಸ್ಕೂಲಿಗೆ ಸೇರಿದ. ಆ ಬೀದಿಯಿಂದ ಗುಂಡಿಮಗ್ಗ ಬಿಟ್ಟು ಕುರ್ಚಿಯ ಮೇಲೆ ಕೂರಲು ಹೊರಟವನು ಅವನೇ ಮೊದಲು. ಸರ್ಟಿಫಿಕೇಟು ಕೈಗೆ ಬರುವ ಮೊದಲೇ ಬೀದಿ ಅವನನ್ನು 'ವಾಧ್ಯಾರ್', ಅಂದರೆ ಮೇಷ್ಟರು, ಎಂದು ಕರೆಯತೊಡಗಿತು.

ಆಗಿನ ಟ್ರೈನಿಂಗಿನಲ್ಲಿ ಮೊದಲ ವರ್ಷ ಪುಸ್ತಕ ಓದಿಸುತ್ತಿದ್ದರು. ಎರಡನೆಯ ವರ್ಷ ಯಾವುದಾದರೂ ಶಾಲೆಗೆ ಕಳಿಸಿ ಪಾಠ ಮಾಡಿಸುತ್ತಿದ್ದರು. ಕೊನೆಗೊಂದು ದಿನ ಮೇಷ್ಟರು ತರಗತಿಯ ಹಿಂದೆ ಬಂದು ಕೂತು, ಪೆನ್ಸಿಲು ಹಿಡಿದು ಪರೀಕ್ಷೆಯ ಪಾಠ ನೋಡುತ್ತಿದ್ದರು. ಆ ಒಂದು ಪಾಠ ಕೆಟ್ಟರೆ ವರ್ಷವೇ ಕೆಟ್ಟಿತು. ಚೆನ್ನಿಯಪ್ಪನ ಮೇಷ್ಟರು ಜಯರಾಮನ್ ಅಂತ, ಕಟ್ಟುನಿಟ್ಟಿನ ಮನುಷ್ಯ. "ಸೂಲೂರಿನವನೋ? ಹಾಗಾದರೆ ಪಲ್ಲಡಂ ರಸ್ತೆಯ ರಾವುತ್ತರ ಶಾಲೆಗೆ ಹೋಗು, ನಿನಗೆ ಹತ್ತಿರ" ಎಂದುಬಿಟ್ಟರು. ಇವನು ಇಲ್ಲ ಅನ್ನುವವನೇ?

ಆ ಕಡೆಯ ತಮಿಳು ಮುಸಲ್ಮಾನರನ್ನು ರಾವುತ್ತರು ಎನ್ನುತ್ತಾರೆ. ಅವರು ತಂದೆತಾಯಿ ಇಲ್ಲದ ಮಕ್ಕಳಿಗಾಗಿ ಊರಾಚೆ ಒಂದು ಮದರಸಾ ನಡೆಸುತ್ತಿದ್ದರು. ಹುಡುಗರಿಗೆ ಊಟ, ಬಟ್ಟೆ, ಹಾಸಿಗೆ ಎಲ್ಲ ಅಲ್ಲೇ. ಬೆಳಗ್ಗೆ ಕುರಾನು ಓದು, ಆಮೇಲೆ ಸರ್ಕಾರದ ಪಾಠ, ತಮಿಳು ಮತ್ತು ಲೆಕ್ಕ. ಈ ಎರಡನೆಯ ಭಾಗಕ್ಕೆ ಚೆನ್ನಿಯಪ್ಪನ್ ಹೋಗಬೇಕಾಗಿತ್ತು.

ಹೊರಡುವ ದಿನ ನಾಚಿಯಮ್ಮ ಒಂದು ಹಿತ್ತಾಳೆ ಚೊಂಬಿನಲ್ಲಿ ನೀರು ತುಂಬಿ ಕೊಟ್ಟಳು. "ಅಲ್ಲಿ ಏನೂ ಬಾಯಿಗೆ ಹಾಕಬ್ಯಾಡ ಕಂದಾ."

"ಆಯ್ತವ್ವ."

ಕನ್ನಿಯಮ್ಮಾಳ್ ಜಗಲಿಯಿಂದಲೇ ಕೂಗಿದಳು: "ಏನ್ ವಾಧ್ಯಾರೇ, ಬರೋವಾಗ ಟೋಪಿ ಹಾಕ್ಕೊಂಡು ಬರ್ತೀಯೋ ಹೆಂಗೆ?"

"ಇಲ್ಲತ್ತೆ" ಎಂದು ಅವನು ತಲೆ ಬಗ್ಗಿಸಿ ನಡೆದ.

ಮೊದಲ ದಿನ ಮದರಸಾದ ಸದ್ದಿಗೇ ಅವನ ಎದೆ ಹಾರಿತು. ಚಾಪೆಯ ಮೇಲೆ ಕೂತ ಹುಡುಗರೆಲ್ಲ ಹಿಂದೆ ಮುಂದೆ ತೂಗುತ್ತಾ, ಒಬ್ಬೊಬ್ಬ ಒಂದೊಂದು ಪಾಠವನ್ನು ಒಟ್ಟಿಗೇ ಕೂಗಿ ಓದುತ್ತಿದ್ದರು. ಅವರ ನಡುವೆ ಮದರಸಾದ ಗುರು ಖಾಜಾ ಮೈದೀನ್ ಹಜರತ್ತರು ಕಣ್ಣು ಮುಚ್ಚಿ ಕೂತಿದ್ದರು. ಮಲಗಿದ್ದಾರೆ ಅಂದುಕೊಂಡ ಚೆನ್ನಿಯಪ್ಪನ್. ಅಷ್ಟರಲ್ಲಿ ಹಜರತ್ತರು ಕಣ್ಣು ತೆರೆಯದೆಯೇ, "ಅಬ್ಬಾಸ್, ಒಂದು ಸಾಲು ಹಾರಿಸಿದೆ, ತಿರುಗಿ ಓದು" ಎಂದರು. ಅಷ್ಟು ಗದ್ದಲದಲ್ಲಿ ಒಬ್ಬನ ಒಂದು ಸಾಲು! ನೂರು ಮಗ್ಗ ಆಡುವ ಬೀದಿಯಲ್ಲಿ ಯಾವ ಮನೆಯಲ್ಲಿ ಎಳೆ ಹರಿಯಿತು ಎಂದು ಜಗಲಿಯಲ್ಲಿ ಕೂತೇ ಹೇಳುವ ಮುದುಕರನ್ನು ಅವನು ಕಂಡಿದ್ದ. ಆದ್ದರಿಂದ ಅವನಿಗೆ ಹಜರತ್ತರು ಅವತ್ತೇ ಅರ್ಥವಾದರು.

ಹಜರತ್ತರು ಬಹಳ ಓದಿದವರು, ಮಾತು ಕಡಿಮೆ. ಅವರ ಮಾತು ತಮಿಳು, ನಾನಿಲ್ಲಿ ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ. ಒಂದು ವಾರ ಅವನ ಪಾಠ ನೋಡಿ, ಬೇವಿನ ಮರದ ಕೆಳಗೆ ಅವನನ್ನು ಕೂರಿಸಿಕೊಂಡರು.

"ವಾಧ್ಯಾರೇ, ನೀವು ಕೈ ಎತ್ತಿದವನನ್ನೇ ಕೇಳ್ತೀರಿ."

"ಅವರಿಗೆ ತಾನೇ ಉತ್ತರ ಬರೋದು ಹಜರತ್?"

"ಉತ್ತರ ಬರುವವನಿಗೆ ನೀವು ಯಾಕೆ? ಅವನು ಮನೆಗೆ ಹೋಗಲಿ."

ಚೆನ್ನಿಯಪ್ಪನ್ ನಕ್ಕುಬಿಟ್ಟ. ಮರುದಿನದಿಂದ ತಲೆ ತಗ್ಗಿಸಿ ಕೂತವರ ಕಡೆ ನೋಡತೊಡಗಿದ. ಹಾಗೆ ಅವನ ಕಣ್ಣಿಗೆ ಬಿದ್ದವನು ಪೀರ್ ಮುಹಮ್ಮದ್. ಎಂಟು ವರ್ಷದ ಹುಡುಗ, ಪಲ್ಲಡಂ ಕಡೆಯವನು, ಚಿಕ್ಕಪ್ಪನೊಬ್ಬ ತಂದು ಬಿಟ್ಟು ಹೋದವನು ತಿರುಗಿ ಬಂದಿರಲಿಲ್ಲ. ಪೀರು ಮೂಲೆ ಬಿಟ್ಟು ಏಳುತ್ತಿರಲಿಲ್ಲ. ಚೆನ್ನಿಯಪ್ಪನ್ ಅವನ ಪಕ್ಕ ಚಾಪೆಯ ಮೇಲೇ ಕೂತು, ಹುಣಿಸೆ ಬೀಜ ಜೋಡಿಸಿ ಕೂಡುವುದು ಕಳೆಯುವುದು ಹೇಳಿಕೊಟ್ಟ. ದೀಪಾವಳಿ ಬರುವ ಹೊತ್ತಿಗೆ ಪೀರು ಹುಣಿಸೆ ಬೀಜ ಇಲ್ಲದೆಯೇ ಲೆಕ್ಕ ಹೇಳುತ್ತಿದ್ದ. ವಾಧ್ಯಾರು ಬರುವುದು ದೂರದಲ್ಲಿ ಕಂಡರೆ ಓಡಿಹೋಗಿ ಆ ಹಿತ್ತಾಳೆ ಚೊಂಬು ತೆಗೆದುಕೊಳ್ಳಲು ಕೈ ಚಾಚುತ್ತಿದ್ದ. ಚೆನ್ನಿಯಪ್ಪನ್ ಚೊಂಬು ಕೊಡದೆ ಬೇರೆ ಕೈಯ ಪುಸ್ತಕ ಕೊಡುತ್ತಿದ್ದ. ಹುಡುಗ ಅದನ್ನೇ ಎದೆಗೆ ಒತ್ತಿಕೊಂಡು ನಡೆಯುತ್ತಿದ್ದ.

ಆ ವರ್ಷ, ಸಾವಿರದ ಒಂಬೈನೂರ ಮೂವತ್ತೈದರಲ್ಲಿ, ರಂಜಾನು ಮಾರ್ಗಳಿಯ, ಅಂದರೆ ಧನುರ್ಮಾಸದ, ಚಳಿಗೆ ಬಂತು. ಪರೀಕ್ಷೆಯ ಪಾಠವೂ ಅದೇ ತಿಂಗಳಿಗೆ ಬಿತ್ತು.

ಜಯರಾಮನ್ ಮೇಷ್ಟರಿಗೆ ವಸ್ತು ಪಾಠ ಎಂದರೆ ಪ್ರಾಣ. ಯಾವುದಾದರೂ ಪದಾರ್ಥ ತಂದು ಮಕ್ಕಳ ಕಣ್ಣಿಗೆ ತೋರಿಸಬೇಕು, ಕೈಗೆ ಕೊಡಬೇಕು, ಮೂಸಿಸಬೇಕು, ತಿನ್ನುವುದಾದರೆ ತಿನ್ನಿಸಬೇಕು. "ನಾಲಿಗೆ ಮುಟ್ಟಿದ ಪಾಠವೇ ತಲೆ ಮುಟ್ಟೋದು" ಎನ್ನುತ್ತಿದ್ದರು. ಚೆನ್ನಿಯಪ್ಪನ್ ಬಹಳ ಹಿಂದೆಯೇ ಬೆಲ್ಲ ಎಂದು ಬರೆದು ಕೊಟ್ಟು ಒಪ್ಪಿಗೆ ತಗೊಂಡಿದ್ದ. ಯಾಕೆ ಬೆಲ್ಲ? ಅವನ ಮನೆಯಲ್ಲಿ ಮಗ್ಗಕ್ಕೆ ಹೊಸ ಹಾಸುನೂಲು ಏರಿಸಿದ ದಿನ, ಮೊದಲ ಲಾಳಿ ಎಸೆಯುವ ಮುಂಚೆ ಅಲ್ಲಿರುವ ಮಕ್ಕಳ ಬಾಯಿಗೆಲ್ಲ ಬೆಲ್ಲ ಹಾಕುತ್ತಿದ್ದರು. ಮಕ್ಕಳ ಬಾಯಿ ಸಿಹಿಯಾದರೆ ನೇಯ್ಗೆ ಸುಗಮ ಅಂತ. ಅವನಿಗೆ ಬೇರೆ ಯಾವುದೂ ತೋಚಲೇ ಇಲ್ಲ. ಪರೀಕ್ಷೆಯ ದಿನ ನಾಚಿಯಮ್ಮ ತಾನೇ ಬೆಲ್ಲ ಕುಟ್ಟಿ, ಚಿಕ್ಕ ಚಿಕ್ಕ ತುಂಡು ಮಾಡಿ, ಹೊಸ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟಳು.

ರಂಜಾನಿನಲ್ಲಿ ಬೆಲ್ಲ ಹಂಚುವುದು ಹೇಗೆ ಎಂಬ ಯೋಚನೆ ಅವನಿಗೆ ಬರಲಿಲ್ಲ ಅಂತಲ್ಲ, ಬಂದಿತ್ತು. ಆದರೆ ನೋಂಬು, ಅಂದರೆ ಆ ತಿಂಗಳ ಉಪವಾಸ, ಹಿಡಿಯುತ್ತಿದ್ದವರು ದೊಡ್ಡ ಹುಡುಗರು. ಅವನ ತರಗತಿಯವರೆಲ್ಲ ಚಿಕ್ಕವರು, ಮಧ್ಯಾಹ್ನ ಗಂಜಿ ಕುಡಿಯುತ್ತಿದ್ದರು. ಸರಿಹೋಯಿತು ಅಂದುಕೊಂಡಿದ್ದ.

ಬಾಗಿಲಲ್ಲೇ ಹಜರತ್ತರು ಸಿಕ್ಕರು. ಎಂದೂ ನಗದವರು ಅವತ್ತು ನಗುತ್ತಿದ್ದರು.

"ವಾಧ್ಯಾರೇ, ನಿಮ್ಮ ಪೀರು ಇವತ್ತು ಮೊದಲನೇ ನೋಂಬು ಹಿಡಿದಿದ್ದಾನೆ. ನಿನಗೆ ವಯಸ್ಸಾಗಿಲ್ಲ ಕಣೋ, ಬೇಡ ಅಂದರೂ ಕೇಳಲಿಲ್ಲ. ಉಗುಳು ನುಂಗಲೂ ಹೆದರಿಕೆ, ಓಡಿ ಓಡಿ ಮರದ ಬುಡಕ್ಕೆ ಉಗಿದು ಬರ್ತಿದ್ದಾನೆ. ಸ್ವಲ್ಪ ನೋಡ್ಕೊಳ್ಳಿ."

"ಆಗಲಿ ಹಜರತ್."

"ಸಂಜೆ ನೀವು ಇರಬೇಕು. ಮೊದಲ ನೋಂಬು ಅಂದರೆ ನಮ್ಮಲ್ಲಿ ಮಗುವಿಗೆ ಮದುವೆ ಇದ್ದ ಹಾಗೆ. ಅವನಿಗೆ ಯಾರಿದ್ದಾರೆ? ವಾಧ್ಯಾರ್ ಬರ್ತಾರಾ ಬರ್ತಾರಾ ಅಂತ ಅಡಿಗೆ ಜೈನಂಬಮ್ಮನ ಜೀವ ತಿಂತಿದ್ದಾನೆ."

ಇಷ್ಟೂ ಅವನ ಕಿವಿಗೆ ಬಿದ್ದಿತ್ತು. ಇದನ್ನು ನಾನು ಒತ್ತಿ ಹೇಳಬೇಕು, ಯಾಕೆಂದರೆ ಮುಂದೆ ಎಷ್ಟೋ ದಿನ ಅವನು ತನಗೆ ತಾನೇ, 'ನನಗೆ ಸರಿಯಾಗಿ ಗೊತ್ತಿರಲಿಲ್ಲ' ಎಂದು ಹೇಳಿಕೊಳ್ಳಲು ನೋಡಿದ. 'ನಮ್ಮವ್ವ ಒಪ್ಪೊತ್ತು ಇರುವ ದಿನ ಬೆಲ್ಲದ ನೀರು ಕುಡಿಯುತ್ತಾಳೆ, ಹಣ್ಣು ತಿನ್ನುತ್ತಾಳೆ, ಉಪವಾಸ ಮುರಿಯಿತೇ? ಅನ್ನ ತಾನೇ ತಿನ್ನಬಾರದು?' ಎಂದು. ಆದರೆ ಉಗುಳಿಗೇ ಹೆದರುವ ಹುಡುಗನ ಕತೆ ಕೇಳಿ ಒಳಗೆ ಹೋದವನು ಅವನು.

ಪಾಠ ಚೆನ್ನಾಗಿ ನಡೆಯಿತು. ಹಿಂದೆ ಸ್ಟೂಲಿನ ಮೇಲೆ ಜಯರಾಮನ್ ಮೇಷ್ಟರು ಪೆನ್ಸಿಲು ಹಿಡಿದು ಕೂತಿದ್ದರು. ಚೆನ್ನಿಯಪ್ಪನ್ ಬೆಲ್ಲದ ಬಣ್ಣ ಕೇಳಿದ, ಹುಡುಗರು ಹೇಳಿದರು. ಕಬ್ಬು ಎಲ್ಲಿ ಬೆಳೆಯುತ್ತೆ, ಹೇಳಿದರು. ಮೂಸಿದರು. ಬಾಯಿಗೆ ಹಾಕಿಕೊಂಡು ಚಪ್ಪರಿಸಿದರು. ಪೀರುವಿನ ಕೈಗೂ ಒಂದು ತುಂಡು ಬಂದಿತ್ತು. ಅವನು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಚೆನ್ನಿಯಪ್ಪನ್ ನೋಡಿಯೂ ನೋಡದವನಂತೆ ಮುಂದೆ ಹೋದ. ಅಷ್ಟಕ್ಕೆ ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಮೂಲೆಯ ಹುಡುಗ ಯಾರು?" ಜಯರಾಮನ್ ಮೇಷ್ಟರ ದನಿ. "ಅವನು ತಿನ್ನಲೇ ಇಲ್ಲವಲ್ಲ. ವಾಧ್ಯಾರ್ ಆದವನು ಪ್ರತಿ ಮಗುವನ್ನೂ ಗಮನಿಸಬೇಕು."

ಪೆನ್ಸಿಲು ಕಾಗದದ ಮೇಲೆ ನಿಂತಿತ್ತು. "ಅವನು ಉಪವಾಸ ಇದ್ದಾನೆ ಸಾರ್." ಇಷ್ಟೇ ಮಾತು. ಆದರೆ ಅಷ್ಟು ಹೇಳಿದರೆ ಮೇಷ್ಟರು ಏನು ಕೇಳುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು: ಹಾಗಾದರೆ ರಂಜಾನಿನಲ್ಲಿ, ಈ ಶಾಲೆಯಲ್ಲಿ, ತಿನ್ನುವ ಪಾಠ ಯಾಕೆ ಆರಿಸಿದೆ? ಮಕ್ಕಳನ್ನು ಅರಿಯದವನು ವಾಧ್ಯಾರೇ? ಅಪ್ಪನ ಮುಖ, ಅವ್ವನ ಮುಖ, ಬೀದಿಯ ಮುಖಗಳೆಲ್ಲ ಒಟ್ಟಿಗೆ ಬಂದು ನಿಂತವು.

ಅವನು ಮೂಲೆಗೆ ಹೋಗಿ ಬಗ್ಗಿದ. "ಪೀರು, ಬಾಯಿಗೆ ಹಾಕೋ."

ಹುಡುಗ ಅವನ ಮುಖ ನೋಡಿದ. ತಮಾಷೆ ಮಾಡುತ್ತಿದ್ದಾರೋ ಎಂದು ನೋಡುವ ನೋಟ ಅದು.

"ಹಾಕ್ಕೊಳ್ಳೋ."

ಮುಷ್ಟಿ ಬಿಚ್ಚಿತು. ಬೆಲ್ಲ ಬೆವರಿಗೆ ಕರಗಿ ಅಂಗೈಗೆಲ್ಲ ಮೆತ್ತಿಕೊಂಡಿತ್ತು. ಪೀರು ಒಮ್ಮೆ ಹಿಂದೆ ಕೂತ ಮೇಷ್ಟರನ್ನು ನೋಡಿದ, ಒಮ್ಮೆ ತನ್ನ ವಾಧ್ಯಾರನ್ನು ನೋಡಿದ. ಬಾಯಿಗೆ ಹಾಕಿಕೊಂಡ.

"ಹೇಗಿದೆ, ಹೇಳು."

"ಸಿಹಿ, ವಾಧ್ಯಾರೇ."

"ಭೇಷ್" ಎಂದರು ಜಯರಾಮನ್ ಮೇಷ್ಟರು. ಪೆನ್ಸಿಲು ಓಡಿತು.

ತರಗತಿ ಬಿಟ್ಟದ್ದೇ ತಡ, ಅಬ್ಬಾಸ್ ಅಂಗಳಕ್ಕೆ ಓಡಿದ. "ಹಜರತ್! ಹಜರತ್! ಪೀರು ಬೆಲ್ಲ ತಿಂದ! ನೋಂಬು ಹೋಯ್ತು!" ಹುಡುಗರೆಲ್ಲ ಸುತ್ತ ಸೇರಿದರು. ಜಯರಾಮನ್ ಮೇಷ್ಟರೂ ಏನೆಂದು ಹೊರಗೆ ಬಂದರು. ಹಜರತ್ತರು ಪೀರುವಿನ ಗಲ್ಲ ಹಿಡಿದು ಎತ್ತಿದರು.

"ತಿಂದೆಯಾ?"

"ತಿಂದೆ ಹಜರತ್."

"ಯಾಕೆ?"

ಪೀರು ಚೆನ್ನಿಯಪ್ಪನ ಕಡೆ ನೋಡಲಿಲ್ಲ. ನೆಲ ನೋಡುತ್ತಾ, "ಮರೆತುಬಿಟ್ಟೆ" ಎಂದ.

ಹಜರತ್ತರು ತಲೆ ಎತ್ತಿ ಚೆನ್ನಿಯಪ್ಪನ ಮುಖ ನೋಡಿದರು. "ಹೌದಾ ವಾಧ್ಯಾರೇ?"

ಪಕ್ಕದಲ್ಲಿ ಜಯರಾಮನ್ ಮೇಷ್ಟರು. ಕಂಕುಳಲ್ಲಿ ಅಂಕ ಹಾಕಿದ ಕಾಗದ.

"ಹೌದು ಹಜರತ್. ಮರೆತುಬಿಟ್ಟ."

ಹಜರತ್ತರ ಮುಖ ಅರಳಿತು. "ಹಾಗಾದರೆ ಹೆದರಬೇಡ. ನೋಂಬು ಹಿಡಿದವನು ಮರೆತು ತಿಂದರೆ ಅದು ಅಲ್ಲಾ ತಿನ್ನಿಸಿದ್ದು ಅಂತ ನಮ್ಮ ಪ್ರವಾದಿಗಳ ಮಾತಿದೆ. ನೋಂಬು ಹೋಗಲಿಲ್ಲ. ನಡಿ, ಬಾಯಿ ಮುಕ್ಕಳಿಸು, ಸಂಜೆವರೆಗೆ ಇರು." ಅಬ್ಬಾಸನ ತಲೆಗೆ ಒಂದು ಮೊಟಕಿದರು. ಜಯರಾಮನ್ ಮೇಷ್ಟರು, "ಬಹಳ ಒಳ್ಳೆ ಮಾತು" ಎಂದು ತಲೆದೂಗಿದರು.

ಸಂಜೆ ಚೆನ್ನಿಯಪ್ಪನ್ ತಪ್ಪಿಸಿಕೊಂಡು ಹೋಗಲು ನೋಡಿದ. ಆಗಲಿಲ್ಲ. ಜೈನಂಬಮ್ಮ ಬಾಗಿಲಿಗೆ ಅಡ್ಡ ನಿಂತಳು. "ಓಹೋ, ಮದುಮಗನನ್ನ ಬಿಟ್ಟು ಮಾವನ ಮನೆಯವರು ಓಡ್ತಾರಾ? ನಡೀರಿ ಒಳಗೆ." ಪೀರುವನ್ನು ಹೊಸ ಟೋಪಿ ಹಾಕಿ, ಮಲ್ಲಿಗೆ ಸರ ಹಾಕಿ, ಚಾಪೆಯ ನಡುವೆ ಕೂರಿಸಿದ್ದರು. ಸುತ್ತಲ ರಾವುತ್ತರ ಮನೆಗಳಿಂದ ಹೆಂಗಸರು ತಟ್ಟೆ ತಟ್ಟೆ ತಂದಿಟ್ಟಿದ್ದರು. ನೋಂಬಿನ ಗಂಜಿಯ ಹಬೆ ಏಳುತ್ತಿತ್ತು. ವಾಧ್ಯಾರಿಗೆ ಅಂತ ಬೇರೆಯಾಗಿ, ಹೊಸ ಬಾಳೆಎಲೆಯ ಮೇಲೆ ಬಾಳೆಹಣ್ಣು ಇಟ್ಟಿದ್ದರು. "ಇದು ನಮ್ಮ ಅಡಿಗೆಮನೆಗೆ ಬಂದದ್ದಲ್ಲ ಸಾಮಿ, ನೇರ ಸಂತೆಯಿಂದ" ಎಂದು ಜೈನಂಬಮ್ಮ ಮೆಲ್ಲಗೆ ಹೇಳಿದಳು. ಅವನ ಹಿತ್ತಾಳೆ ಚೊಂಬನ್ನು ಅವರೆಲ್ಲ ದಿನವೂ ನೋಡಿದ್ದರು, ಒಂದು ದಿನವೂ ಮಾತೆತ್ತಿರಲಿಲ್ಲ.

ಸಂಜೆಯ ನಮಾಜಿನ ಬಾಂಗು ಕೇಳಿಸಿತು. ಎಲ್ಲರ ಕೈ ಬಾಯಿಗೆ ಹೋಯಿತು. ಪೀರು ಮಾತ್ರ ಖರ್ಜೂರ ಹಿಡಿದು ಕೂತಿದ್ದ. ಪಕ್ಕದಲ್ಲಿದ್ದ ಚೆನ್ನಿಯಪ್ಪನ ಕಡೆ ವಾಲಿ, ಯಾರಿಗೂ ಕೇಳದಂತೆ ಹೇಳಿದ: "ವಾಧ್ಯಾರೇ, ನಾನು ಮರೆತಿರಲಿಲ್ಲ."

"ಗೊತ್ತು ಪೀರು."

"ನಾನು ಇಲ್ಲ ಅಂದಿದ್ದರೆ ಆ ಸಾರ್ ನಿಮ್ಮನ್ನ ಫೇಲು ಮಾಡ್ತಿದ್ದರು. ಅಲ್ವಾ?"

ಅವನು ಎಲೆಯ ಮೇಲಿನ ಬಾಳೆಹಣ್ಣು ಕೈಗೆ ತೆಗೆದುಕೊಂಡ.

"ಈಗ ಇದು ಲೆಕ್ಕಕ್ಕೆ ಬರುತ್ತಾ ವಾಧ್ಯಾರೇ?"

ಲೆಕ್ಕ ಕಲಿಸಿದವನು ಅವನೇ. ಕೂಡುವುದು ಕಳೆಯುವುದು ಏನು ಕೇಳಿದರೂ ಹೇಳುತ್ತಾನೆಂದು ಹುಡುಗ ನಂಬಿದ್ದ. ಚೆನ್ನಿಯಪ್ಪನ್ ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತಾ, "ತಿನ್ನು, ಎಲ್ಲರೂ ನೋಡ್ತಿದ್ದಾರೆ" ಎಂದ.

ಏಪ್ರಿಲ್ ಹೊತ್ತಿಗೆ, ಚಿತ್ತಿರೈ ತಿಂಗಳಲ್ಲಿ, ಫಲ ಬಂತು. ಮೊದಲ ದರ್ಜೆ. ಅದಕ್ಕಿಂತ ದೊಡ್ಡ ಸುದ್ದಿ, ಹಜರತ್ತರು ತಾವೇ ಗಾಡಿ ಕಟ್ಟಿಸಿಕೊಂಡು ಕೊಯಮತ್ತೂರಿಗೆ ಹೋಗಿ, "ಈ ಹುಡುಗನನ್ನ ನಮಗೆ ಕೊಡಿ, ನಮ್ಮ ಮಕ್ಕಳು ಇವನನ್ನ ಹಚ್ಚಿಕೊಂಡಿವೆ" ಎಂದು ಕೇಳಿದ್ದರು. ಜೂನಿನಿಂದ ಸಂಬಳದ ವಾಧ್ಯಾರ್ ಕೆಲಸ. ಅಂಗಪ್ಪನ್ ಮಗ್ಗದ ಗುಂಡಿಯಿಂದ ಎದ್ದು ಬಂದು ಮಗನ ಬೆನ್ನು ತಟ್ಟಿದ. ಕುಪ್ಪಸಾಮಿ ಮಾವ ತನ್ನ ಮಗಳು ಪೊನ್ನಮ್ಮನ ಜಾತಕ ಹಿಡಿದು ಬಂದ. "ಕರು ಹಿಡ್ಕೊಂಡವನೇ ನನ್ನ ಹುಡುಗೀನೂ ಹಿಡ್ಕೊಳ್ಳಲಿ ಬಿಡಿ, ಇವನಾದ್ರೆ ಕೈ ಬಿಡಲ್ಲ" ಎಂದು ತಾನೇ ಹೇಳಿ ತಾನೇ ನಕ್ಕ. ನಾಚಿಯಮ್ಮ ಬೀದಿಗೆಲ್ಲ ಬೆಲ್ಲ ಹಂಚಿದಳು. ಮಗನ ಬಾಯಿಗೂ ಒಂದು ತುಂಡು ಹಾಕಿದಳು. ಅವನು ಹಿತ್ತಲಿಗೆ ಹೋಗಿ ಉಗಿದು ಬಂದ.

ಹಜರತ್ತರಿಗೆ ಹೇಳಬೇಕು ಎಂದು ಅವನು ಎಷ್ಟು ಸಲ ಹೊರಟನೋ. ಮದರಸಾದ ಗೋಡೆ ಕಾಣುವವರೆಗೆ ಹೋಗಿ, ಇನ್ನೊಂದು ದಿನ ಹೇಳೋಣ ಎಂದು ತಿರುಗುತ್ತಿದ್ದ. ಕೊನೆಗೆ ಕೆಲಸದ ಮಾತಾಡಲು ಹಜರತ್ತರೇ ಹೇಳಿ ಕಳಿಸಿದರು. ಸುಡುವ ಬಿಸಿಲಿನ ದಿನ. ಅಡಿಗೆಮನೆಯ ನೆರಳಲ್ಲಿ ಜೈನಂಬಮ್ಮ ಪಾತ್ರೆ ತಿಕ್ಕುತ್ತಿದ್ದಳು.

"ಬನ್ನಿ ವಾಧ್ಯಾರೇ. ನಿಮ್ಮ ಶಿಷ್ಯನಿಗೆ ಸ್ವಲ್ಪ ಬುದ್ಧಿ ಹೇಳಿ. ಆಗಾಗ ಮಧ್ಯಾಹ್ನದ ಗಂಜಿ ಮುಟ್ಟಲ್ಲ. ಅಬ್ಬಾಸನ ತಟ್ಟೆಗೆ ಸುರಿದು ಎದ್ದು ಹೋಗ್ತಾನೆ. ದೊಡ್ಡ ಧರ್ಮಾತ್ಮ! ಹಜರತ್ತಿಗೆ ಹೇಳಿದರೆ, ಕೊಡೋ ಮನಸ್ಸು ಒಳ್ಳೇದು, ಬಿಡು ಅಂತಾರೆ. ಆ ಹುಡುಗನ ಕುತ್ತಿಗೆ ನೋಡಿ, ನೂಲು ಸುತ್ತೋ ಕಂಡಿಕೆ ಕಡ್ಡಿ ಆಗಿದೆ."

ಪೀರು ಬೇವಿನ ಬುಡದಲ್ಲಿ ಕೂತಿದ್ದ. ತುಟಿ ಒಣಗಿ ಬಿರಿದಿತ್ತು. ವಾಧ್ಯಾರನ್ನು ಕಂಡು ಎದ್ದು ಓಡಿ ಬಂದು ಪುಸ್ತಕಕ್ಕೆ ಕೈ ಚಾಚಿದ. ಅವನ ಕೈಯಲ್ಲಿ ಪುಸ್ತಕ ಇರಲಿಲ್ಲ.

"ಇವತ್ತೂ ನೋಂಬೇನೋ?"

ಹುಡುಗ ಸುತ್ತ ನೋಡಿ, ಹೌದೆಂದು ತಲೆ ಆಡಿಸಿದ. "ಮುರಿದ ನೋಂಬಿಗೆ ಬದಲು ಹಿಡಿಯಬೇಕು ಅಂತ ದೊಡ್ಡ ಹುಡುಗರು ಓದ್ತಿದ್ದರು. ಅದು ಹಿಡಿದಾಯ್ತು ವಾಧ್ಯಾರೇ. ಸುಳ್ಳಿಗೆ ಎಷ್ಟು ಹಿಡಿಯಬೇಕು ಅಂತ ಗೊತ್ತಾಗಲಿಲ್ಲ. ಯಾರನ್ನಾದರೂ ಕೇಳಿದರೆ ನಿಮ್ಮ ವಿಷಯ ಗೊತ್ತಾಗಿಬಿಡುತ್ತೆ. ಅದಕ್ಕೇ ಹಿಡೀತಾ ಇದ್ದೀನಿ."

ಚೆನ್ನಿಯಪ್ಪನ್ ಅಲ್ಲಿ ನಿಲ್ಲಲಾರದೆ ಹೋದ. ನೇರ ಹಜರತ್ತರ ಮುಂದೆ ಹೋಗಿ ಕುರ್ಚಿ ಬಿಟ್ಟು ನೆಲದ ಮೇಲೆ ಕೂತ. ಬಾಗಿಲಲ್ಲಿ ಅವರು ಹೇಳಿದ ಮಾತಿನಿಂದ ಹಿಡಿದು, ಮುಷ್ಟಿಯಲ್ಲಿ ಕರಗಿದ ಬೆಲ್ಲದವರೆಗೆ, ಈಗ ಮರದ ಬುಡದಲ್ಲಿ ಕೇಳಿದ್ದರವರೆಗೆ ಎಲ್ಲವನ್ನೂ ಹೇಳಿದ. ಹೇಳುವಾಗ ಅವರ ಮುಖ ನೋಡಲಿಲ್ಲ.

ಹಜರತ್ತರು ಮೊದಲು ಪೀರುವನ್ನು ಕರೆಸಿದರು. "ನಿನ್ನ ವಯಸ್ಸಿಗೆ ನೋಂಬು ಕಡ್ಡಾಯವೇ ಅಲ್ಲ ಮಗು. ಮುರಿದರೂ ನಿನ್ನ ಮೇಲೆ ಏನೂ ಇಲ್ಲ. ನೀನು ಆಡಿದ ಮಾತನ್ನು ದೊಡ್ಡವರು ಆಡಿಸಿದರು. ಅದೂ ನಿನ್ನ ಮೇಲಿಲ್ಲ. ಈಗ ಹೋಗಿ ನೀರು ಕುಡಿ." ಹುಡುಗ ನೀರು ಕುಡಿದ ಸದ್ದು ಒಳಗಿನವರೆಗೆ ಕೇಳಿಸಿತು.

ಆಮೇಲೆ ಚೆನ್ನಿಯಪ್ಪನ ಕಡೆ ತಿರುಗಿದರು. "ಮಗು ಸುಳ್ಳು ಹೇಳ್ತಿದ್ದರೆ ನಿಮ್ಮ ಮುಖ ನೋಡಿದರೆ ತಿಳಿಯುತ್ತೆ ಅಂತ ಅವತ್ತು ನಿಮ್ಮ ಮುಖ ನೋಡಿದೆ. ಕೊಯಮತ್ತೂರಿಗೆ ಹೋಗಿ ನಿಮ್ಮನ್ನೇ ಕೇಳಿದ್ದೂ ಆ ಮುಖ ನಂಬಿ." ಅವರ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. "ಈ ಜೂನಿಗೆ ನಿಮಗೆ ಮಕ್ಕಳನ್ನ ಒಪ್ಪಿಸಲಾರೆ."

"ನಾನೂ ಕೇಳಲ್ಲ ಹಜರತ್."

"ಮತ್ತೆ ಏನು ಮಾಡ್ತೀರಿ?"

"ನೀವು ಪಾಠ ಮಾಡುವಾಗ ಮಕ್ಕಳ ಜೊತೆ ಕೂತು ನೋಡ್ತೀನಿ. ಮೊದಲಿಂದ ಕಲೀತೀನಿ. ಸಂಬಳ ಬೇಡ."

"ಇಲ್ಲೇ ಇರಬೇಕಾಗುತ್ತೆ. ಅವರು ಎದ್ದಾಗ ಏಳಬೇಕು, ಉಂಡದ್ದು ಉಣ್ಣಬೇಕು. ಆಗುತ್ತಾ?"

ಚೊಂಬಿನ ನೆನಪಾಗಿ ಅವನ ಕಿವಿ ಬಿಸಿಯಾಯಿತು. "ಆಗುತ್ತೆ."

"ಒಪ್ಪೋದು ನನ್ನ ಕೈಯಲ್ಲಿ ಇಲ್ಲ." ಹಜರತ್ತರು ಬಾಗಿಲ ಕಡೆ ತಿರುಗಿ ಕೂಗಿದರು. "ಪೀರು, ಇವರು ಇಲ್ಲಿ ಇರಬಹುದೇನೋ?"

ಹುಡುಗ ಯೋಚಿಸಿದ. "ತಿರುಗಿ ಪರೀಕ್ಷೆ ಬರುತ್ತಾ ಹಜರತ್?"

"ಇಲ್ಲ."

"ಹಾಗಾದರೆ ಇರಲಿ."

ಮನೆಯಲ್ಲಿ ಅವನು ಎಲ್ಲವನ್ನೂ ಹೇಳಿದ. ಅಂಗಪ್ಪನ್ ಲಾಳಿಯನ್ನು ಹಾಸಿನ ಮೇಲೇ ಬಿಟ್ಟು ಎದ್ದ.

"ಲೇ, ಒಂದು ಎಳೆ ತಪ್ಪಿದರೆ ನಾವು ಸೀರೆ ಸುಡ್ತೀವೇನ್ಲಾ? ಗಂಜಿ ಹಾಕಿ, ಮಡಿಚಿ, ಮಾರಲ್ವಾ? ಯಾರು ಕೇಳಿದ್ದರು ನಿನ್ನ? ಯಾರಿಗೆ ಗೊತ್ತಿತ್ತು?"

"ಆ ಹುಡುಗನಿಗೆ ಗೊತ್ತಿತ್ತಪ್ಪ."

"ಅವನು ಹೇಳ್ತಿದ್ದನಾ?"

"ಇಲ್ಲ. ಅದಕ್ಕೇ..."

"ಕುಪ್ಪಸಾಮಿಗೆ ಏನು ಹೇಳಲಿ? ಬೀದಿಗೆ ಏನು ಹೇಳಲಿ? ಸರ್ಟಿಫಿಕೇಟು ಇಟ್ಕೊಂಡು ಸಂಬಳ ಇಲ್ಲದೆ ಅವರ ಚಾಪೆ ಮೇಲೆ ಕೂರಾಕೆ ಹೋಗ್ತಾನೆ ಅಂತ ಹೇಳಲಾ? ಹೋಗಬ್ಯಾಡ. ಇಲ್ಲಿ ಕೂರು. ಮಗ್ಗ ಇದೆ."

"ಹೋಗ್ತೀನಪ್ಪ."

ಅಪ್ಪ ಬೇಡ ಅಂದದ್ದಕ್ಕೆ ಅವನು ಎದುರಾಡಿದ್ದು ಅದೇ ಮೊದಲು. ಬೀದಿ ಇದನ್ನು ಕೇಳಿದ್ದರೆ ಮೆಚ್ಚುತ್ತಿತ್ತೋ ಏನೋ, ಅವನಿಗಂತೂ ಅದರಲ್ಲಿ ಹೆಮ್ಮೆ ಕಾಣಲಿಲ್ಲ. ಇಷ್ಟು ಸುಲಭವಾಗಿ ಬರುವ ಮಾತು ಅವತ್ತು ಯಾಕೆ ಬರಲಿಲ್ಲ ಎಂದೇ ಅನ್ನಿಸಿ ಇನ್ನಷ್ಟು ಕುಗ್ಗಿದ.

"ಅವರ ಗಂಜಿ ಉಂಡ ಬಾಯಿ ಇಟ್ಕೊಂಡು ಈ ಹೊಸಿಲು ತುಳೀಬ್ಯಾಡ ಹಂಗಾದ್ರೆ" ಎಂದು ಅಂಗಪ್ಪನ್ ಮತ್ತೆ ಮಗ್ಗದ ಗುಂಡಿಗೆ ಇಳಿದ. ಆಡಿದ ಮಾತು ಹಿಂದೆ ತಗೊಳ್ಳುವ ಮನುಷ್ಯ ಅಲ್ಲ ಅವನು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮರುದಿನ ಬೆಳಗ್ಗೆ ಚೆನ್ನಿಯಪ್ಪನ್ ಎರಡು ಪಂಚೆ, ಒಂದು ಚಾದರ ಮಡಿಚಿಕೊಂಡ. ನಾಚಿಯಮ್ಮ ರಾಟೆಯ ಮುಂದೆ ಕಂಡಿಕೆ ಸುತ್ತುತ್ತಾ ಕೂತಿದ್ದಳು. ಮಗ ಕಾಲು ಮುಟ್ಟಲು ಬಗ್ಗಿದಾಗ ಅವಳ ಕೈ ನಿಲ್ಲಲಿಲ್ಲ.

"ಆ ಹುಡುಗನಿಗೆ ಅವ್ವ ಇಲ್ಲವಾ?" ಎಂದು ಕೇಳಿದಳು, ನೂಲು ನೋಡುತ್ತಲೇ.

"ಇಲ್ಲವ್ವ."

"ಆ ತುಂಡು ನಾನೇ ಕುಟ್ಟಿ ಕೊಟ್ಟೆ ಕಂದಾ" ಎಂದು ಇನ್ನೊಂದು ಕಂಡಿಕೆ ತೆಗೆದುಕೊಂಡಳು. ಅಪ್ಪನ ಮಗ್ಗದ ಸದ್ದು ಒಂದು ಗಳಿಗೆಯೂ ನಿಲ್ಲದೆ ಓಡುತ್ತಿತ್ತು.

ಹೊರಗೆ ಕನ್ನಿಯಮ್ಮಾಳ್ ಅಂಗಳಕ್ಕೆ ಸಗಣಿ ನೀರು ಚಿಮುಕಿಸುತ್ತಿದ್ದಳು. ಗಂಟು ನೋಡಿ ನೆಟ್ಟಗೆ ನಿಂತಳು. "ಏನ್ ವಾಧ್ಯಾರೇ, ಈಗಲೇ ಕೆಲಸಕ್ಕಾ? ಜೂನು ಅಂದ್ಯಲ್ಲ?"

"ಕೆಲಸ ಇಲ್ಲತ್ತೆ. ಮಕ್ಕಳ ಮುಂದೆ ಸುಳ್ಳು ಹೇಳಿದ್ದೆ. ಅದಕ್ಕೆ ಕೆಲಸ ಹೋಯಿತು."

ಅವಳು ಬಾಯಿಗೆ ಸೆರಗು ಹಿಡಿದು ನಕ್ಕುಬಿಟ್ಟಳು. "ನೀನಾ? ಸುಳ್ಳಾ? ಅಯ್ಯೋ, ಹೋಗ್ರೀ ಸಾಮಿ!"

ಅವನು ನಗಲಿಲ್ಲ. ಬಿಡಿಸಿ ಹೇಳಲು ಬಾಯಿ ತೆರೆದ, ಅಕ್ಕಪಕ್ಕದ ಜಗಲಿಗಳಲ್ಲಿ ಮುಖಗಳು ಮೂಡುತ್ತಿರುವುದನ್ನು ಕಂಡು ಮುಚ್ಚಿದ. ಬಾಗಿಲು ಎಳೆದುಕೊಂಡು, ಗಂಟನ್ನು ಕಂಕುಳಿಗೆ ಸೇರಿಸಿ, ಯಾರ ಮುಖವನ್ನೂ ನೋಡದೆ ಗೋಡೆಯ ಬದಿ ಹಿಡಿದು ಪಲ್ಲಡಂ ರಸ್ತೆಯ ಕಡೆ ನಡೆದ.